ಫೋನ್ ಬಿಡಲಾಗದು, ಕೆಳಗಿಡಬಹುದಲ್ಲ!

ಪದವಿ ಎರಡನೇ ವರ್ಷದಲ್ಲಿದ್ದಾಗ ನಮ್ಮ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆಯೊಂದು ನಡೆದಿತ್ತು. ವಿಷಯ: ‘ಮೊಬೈಲ್ ಇಲ್ಲದೆ ಬದುಕಬಹುದು’. ನನಗೆ ಬಂದ ಚೀಟಿಯಲ್ಲಿ ‘ಪರ’ ಎಂದಿತ್ತು. ನಮ್ಮ ಅಜ್ಜ ಬದುಕಿರಲಿಲ್ಲವೇ, ಗಾಂಧೀಜಿ ಮೊಬೈಲ್ ಇಟ್ಟುಕೊಂಡಿದ್ದರೇ ಎಂದೆಲ್ಲ ಕೈಬೀಸಿ ಮಾತಾಡಿ ಎರಡನೇ ಬಹುಮಾನವಾಗಿ ಒಂದು ಸ್ಟೀಲ್ ಡಬ್ಬಿ ಗೆದ್ದಿದ್ದೆ. ಆ ಭಾಷಣವನ್ನು ಮೊಬೈಲ್ ನೋಡಿಕೊಂಡೇ ಬರೆದಿದ್ದೆ ಅನ್ನುವುದು ಬೇರೆ ಮಾತು.

ಈಗ ಪದವಿ ಮುಗಿದು ಎರಡು ವರ್ಷವಾಗಿದೆ. ಧಾರವಾಡದಲ್ಲಿ ಪಿ.ಜಿ.ಯಲ್ಲಿದ್ದುಕೊಂಡು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೇನೆ. ಕಳೆದ ತಿಂಗಳು ಬಟ್ಟೆ ನೆನೆಹಾಕಿದ್ದ ಬಕೆಟ್ಟಿಗೆ ಫೋನ್ ಬಿತ್ತು. ‘ಡಿಸ್‌ಪ್ಲೇ ಹೋಗೇತಿ. ಬ್ಯಾರೆ ತರಿಸಬೇಕು, ಒಂದು ವಾರದ ಮ್ಯಾಲೆ ಆಗ್ತದ’ ಎಂದ ರಿಪೇರಿ ಅಂಗಡಿಯವ. ಆ ಫೋನ್ ಮತ್ತೆ ಕೈಗೆ ಬರುವಷ್ಟರಲ್ಲಿ ಒಂಬತ್ತು ದಿನ ಕಳೆದಿತ್ತು. ಕಾಲೇಜಿನಲ್ಲಿ ಬಾಯಿಮಾತಿನಲ್ಲಿ ಗೆದ್ದ ವಾದ ಬದುಕಿನಲ್ಲಿ ಎಷ್ಟು ದಿನ ನಿಲ್ಲುತ್ತದೆ ಎಂಬ ಪರೀಕ್ಷೆ ತಾನಾಗಿಯೇ ಎದುರಾಯಿತು.

ನಿಲ್ಲಲಿಲ್ಲ. ಮೊದಲ ದಿನ ಸಂಜೆಯೇ ಖಾನಾವಳಿಯಲ್ಲಿ ಊಟ ಮಾಡಿ ಕೈ ತೊಳೆದ ಮೇಲೆ ಜೇಬಿನಲ್ಲಿ ದುಡ್ಡೇ ಇಲ್ಲ ಎಂಬುದು ನೆನಪಾಯಿತು. ಸ್ಕ್ಯಾನ್ ಮಾಡಿ ಹಣ ಕೊಡುವ ರೂಢಿಯಲ್ಲಿ ಪಾಕೀಟು ಇಟ್ಟುಕೊಳ್ಳುವುದನ್ನೇ ಬಿಟ್ಟಿದ್ದೆ. ಮೂರನೇ ದಿನ ಒಂದು ನೇಮಕಾತಿಯ ಅರ್ಜಿಗೆ ಕೊನೆಯ ದಿನ. ಸೈಬರ್ ಸೆಂಟರಿನಲ್ಲಿ ಕುಳಿತು ಎಲ್ಲ ತುಂಬಿದೆ. ಕೊನೆಗೆ ಪರದೆಯ ಮೇಲೆ ‘ನಿಮ್ಮ ಮೊಬೈಲ್‌ಗೆ ಬಂದ ಒಟಿಪಿ ನಮೂದಿಸಿ’ ಎಂದು ಬಂತು. ರೂಮಿಗೆ ಓಡಿ, ಗೆಳೆಯನ ಫೋನಿಗೆ ನನ್ನ ಸಿಮ್ ಹಾಕಿಕೊಂಡು ಓಡಿ ಬಂದೆ. ಅಷ್ಟರಲ್ಲಿ ವೆಬ್‌ಸೈಟ್ ಮತ್ತೆ ಮೊದಲಿನಿಂದ ಶುರು ಮಾಡು ಅಂದಿತ್ತು. ಅರ್ಜಿ ಹೋಗಿದ್ದು ರಾತ್ರಿ ಹನ್ನೊಂದೂವರೆಗೆ.

ಆಗ ಹೇಗೆ ಬದುಕಿದ್ದರು?

‘ಮೊದಲೆಲ್ಲ ಫೋನ್ ಇಲ್ಲದೆ ಬದುಕಿರಲಿಲ್ಲವೇ’ ಎಂದು ಹಿರಿಯರು ಕೇಳುವಾಗ ಒಂದು ವಿಷಯ ಮರೆಯುತ್ತಾರೆ. ಆಗ ಫೋನಿನ ಕೆಲಸ ಮಾಡುವ ಬೇರೆ ವ್ಯವಸ್ಥೆಗಳಿದ್ದವು. ಬಸ್ ನಿಲ್ದಾಣದಲ್ಲಿ ಎಸ್‌ಟಿಡಿ ಬೂತ್ ಇತ್ತು, ಕಿರಾಣಿ ಅಂಗಡಿಯ ಮುಂದೆ ಒಂದು ರೂಪಾಯಿಯ ಕಾಯಿನ್ ಬಾಕ್ಸ್ ಇತ್ತು. ಅರ್ಜಿ ನಮೂನೆ ಅಂಚೆಯಲ್ಲಿ ಹೋಗುತ್ತಿತ್ತು, ಶುಲ್ಕವನ್ನು ಬ್ಯಾಂಕಿನಲ್ಲಿ ಚಲನ್ ಮೂಲಕ ಕಟ್ಟಬಹುದಿತ್ತು, ಪ್ರವೇಶ ಪತ್ರವನ್ನು ಪೋಸ್ಟ್‌ಮ್ಯಾನ್ ತಂದುಕೊಡುತ್ತಿದ್ದ. ಫಲಿತಾಂಶಕ್ಕೆ ನೋಟಿಸ್ ಬೋರ್ಡ್ ಇತ್ತು.

ದೇಶದ ಮೊದಲ ಮೊಬೈಲ್ ಕರೆ ಹೋಗಿದ್ದು 1995ರ ಜುಲೈ 31ರಂದು. ಪಶ್ಚಿಮ ಬಂಗಾಳದ ಆಗಿನ ಮುಖ್ಯಮಂತ್ರಿ ಜ್ಯೋತಿ ಬಸು ಕೋಲ್ಕತ್ತದಿಂದ ಕೇಂದ್ರ ದೂರಸಂಪರ್ಕ ಸಚಿವ ಸುಖರಾಮ್ ಅವರ ಜತೆ ಮಾತಾಡಿದರು. ಆಗ ಹೊರಹೋಗುವ ಕರೆಗೆ ಮಾತ್ರವಲ್ಲ, ಒಳಬರುವ ಕರೆಗೂ ಹಣ ತೆರಬೇಕಿತ್ತು. ಫೋನ್ ಎಂದರೆ ಉಳ್ಳವರ ಶೋಕಿ. ಒಳಬರುವ ಕರೆ ಉಚಿತವಾದದ್ದು 2003ರಲ್ಲಿ. 2016ರಲ್ಲಿ ಯುಪಿಐ ಬಂತು, ಅದೇ ವರ್ಷ ಡೇಟಾ ದರ ಕುಸಿಯಿತು. 2023ರ ಆಗಸ್ಟ್‌ನಲ್ಲಿ ಒಂದೇ ತಿಂಗಳಿಗೆ ಯುಪಿಐ ವಹಿವಾಟುಗಳ ಸಂಖ್ಯೆ ಸಾವಿರ ಕೋಟಿ ದಾಟಿತು. ಮೂವತ್ತು ವರ್ಷ ತುಂಬುವುದರೊಳಗೆ ಶೋಕಿಯ ವಸ್ತು ರೇಷನ್ ಕಾರ್ಡಿನಷ್ಟೇ ಅಗತ್ಯದ ವಸ್ತುವಾಯಿತು.

ನಮ್ಮಂಥ ಉದ್ಯೋಗಾಕಾಂಕ್ಷಿಗಳ ಪಾಡನ್ನೇ ನೋಡಿ. ಯುವನಿಧಿಗೆ ನೋಂದಣಿ ಮಾಡಬೇಕಾದದ್ದು ಸೇವಾ ಸಿಂಧು ಪೋರ್ಟಲ್‌ನಲ್ಲಿ. ಅದಕ್ಕೆ ಒಟಿಪಿ ಬೇಕು. ವಿದ್ಯಾರ್ಥಿವೇತನಕ್ಕೆ ಆಧಾರ್ ಒಟಿಪಿ, ಡಿಜಿಲಾಕರ್ ತೆರೆಯಲು ಒಟಿಪಿ. ‘ನನಗೆ ಮೊಬೈಲ್ ಬೇಡ’ ಎನ್ನುವ ಪದವೀಧರ ಇವತ್ತು ಸನ್ಯಾಸಿಯಾಗಬಹುದೇ ಹೊರತು ಸರ್ಕಾರಿ ನೌಕರನಾಗಲಾರ. ಕೊರೊನಾ ಕಾಲದಲ್ಲಿ ಮಲೆನಾಡಿನ ಮಕ್ಕಳು ಆನ್‌ಲೈನ್ ತರಗತಿಗಾಗಿ ಗುಡ್ಡ ಹತ್ತಿ, ಕೊಡೆ ಹಿಡಿದು ಸಿಗ್ನಲ್ ಹುಡುಕಿದ್ದನ್ನು ನಾವೆಲ್ಲ ಪತ್ರಿಕೆಗಳಲ್ಲಿ ನೋಡಿದ್ದೇವೆ. ಅಲ್ಲಿನ ಕೆಲವು ಹಳ್ಳಿಗಳ ಜನ ‘ನೆಟ್‌ವರ್ಕ್ ಇಲ್ಲದಿದ್ದರೆ ಮತದಾನವೂ ಇಲ್ಲ’ ಎಂದು ಫಲಕ ಹಿಡಿದರು. ಅವರ ಮುಂದೆ ನಿಂತು ‘ಫೋನ್ ಬಿಟ್ಟು ಬದುಕಿ’ ಎಂದು ಉಪದೇಶ ಮಾಡುವುದು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದಂತೆ. ಆದ್ದರಿಂದ ಚರ್ಚಾ ಸ್ಪರ್ಧೆಯ ನನ್ನ ವಾದವನ್ನು ಇಲ್ಲಿಯೇ ಹಿಂತೆಗೆದುಕೊಳ್ಳುತ್ತೇನೆ. ಸ್ಟೀಲ್ ಡಬ್ಬಿ ಮಾತ್ರ ವಾಪಸ್ ಕೊಡಲಾರೆ, ಅವ್ವ ಅದರಲ್ಲಿ ಶೇಂಗಾ ಚಟ್ನಿ ಹಾಕಿಟ್ಟಿದ್ದಾಳೆ.

ಒಂದು ಸಣ್ಣ ಲೆಕ್ಕ

ಆದರೆ ಕಥೆ ಇಲ್ಲಿಗೇ ಮುಗಿಯುವುದಿಲ್ಲ. ಆ ಒಂಬತ್ತು ದಿನಗಳಲ್ಲಿ ಫೋನ್ ಇಲ್ಲದೆ ನಿಜಕ್ಕೂ ಯಾವ ಯಾವ ಕೆಲಸ ನಿಂತಿತು ಎಂದು ನೋಟ್ಸ್ ಪುಸ್ತಕದ ಹಿಂಬದಿಯಲ್ಲಿ ಬರೆಯುತ್ತಾ ಹೋದೆ. ಅರ್ಜಿಯ ಒಟಿಪಿ, ಮನೆಗೆ ನಾಲ್ಕು ಸಲ ಕರೆ, ಅಧಿಸೂಚನೆ ಬಂದಿದೆಯೇ ಎಂದು ನೋಡುವುದು, ಪಿ.ಜಿ. ಬಾಡಿಗೆ ಕಳಿಸುವುದು. ಇವೆಲ್ಲವನ್ನೂ ಗೆಳೆಯರ ಫೋನ್ ಬೇಡಿ ಮುಗಿಸಿದೆ. ಒಂಬತ್ತು ದಿನಕ್ಕೂ ಸೇರಿ ಅಬ್ಬಬ್ಬಾ ಎಂದರೆ ಎರಡು ಗಂಟೆ. ಫೋನ್ ಹಾಳಾಗುವ ಮೊದಲು ಅದರಲ್ಲೇ ಇದ್ದ ಲೆಕ್ಕದ ಪ್ರಕಾರ ನಾನು ಪರದೆ ನೋಡುತ್ತಿದ್ದದ್ದು ದಿನಕ್ಕೆ ಐದೂವರೆ ಗಂಟೆ!

ಅಂದರೆ ನನ್ನ ಬಳಿ ಎರಡು ಫೋನ್ ಇದ್ದಂತಾಯಿತು. ಒಂದು ಅನಿವಾರ್ಯದ ಫೋನ್, ಇನ್ನೊಂದು ಅಭ್ಯಾಸದ ಫೋನ್. ‘ಮೊಬೈಲ್ ಇಲ್ಲದೆ ಆಗುವುದಿಲ್ಲ’ ಎಂದು ನಾವು ಮೊದಲನೆಯದರ ಹೆಸರಿನಲ್ಲಿ ಹೇಳುತ್ತೇವೆ, ಆ ನೆಪದಲ್ಲಿ ಎರಡನೆಯದನ್ನು ದಿನವಿಡೀ ಹಿಡಿದಿರುತ್ತೇವೆ. ಮೊದಲನೆಯದನ್ನು ಸರ್ಕಾರ, ಬ್ಯಾಂಕು, ಕಾಲೇಜು ನಮ್ಮ ಕೈಗೆ ಕೊಟ್ಟಿವೆ. ಎರಡನೆಯದಕ್ಕೆ ಯಾರನ್ನೂ ದೂರುವಂತಿಲ್ಲ. ಫೋನ್ ಸಭ್ಯತೆಯ ಪ್ರಶ್ನೆ ಏಳುವುದೂ ಇಲ್ಲಿಯೇ.

ಬಸ್ಸಿನಲ್ಲಿ, ರಸ್ತೆಯಲ್ಲಿ

ಐದನೇ ದಿನ ಊರಿಗೆ ಹೊರಟೆ. ಧಾರವಾಡದಿಂದ ನವಲಗುಂದದ ಕಡೆ ಹೋಗುವ ಬಸ್ಸು. ಕೈಯಲ್ಲಿ ಫೋನಿಲ್ಲ, ಕಿವಿಯಲ್ಲಿ ಇಯರ್‌ಫೋನಿಲ್ಲ. ಮುಂದಿನ ಸೀಟಿನವರು ಸ್ಪೀಕರ್ ಹಾಕಿ ಸೊಸೆಯ ಬಗ್ಗೆ ಬೀಗರೊಂದಿಗೆ ಮಾತಾಡುತ್ತಿದ್ದರು. ಪಕ್ಕದಲ್ಲಿ ಒಬ್ಬ ಹುಡುಗ ಹದಿನೈದು ಸೆಕೆಂಡಿಗೊಂದರಂತೆ ರೀಲ್ಸ್ ಬದಲಿಸುತ್ತಿದ್ದ. ಹಿಂದೆ ಎಲ್ಲೋ ಭಜನೆ. ಸಿಟ್ಟು ಬಂತು. ಮರುಕ್ಷಣವೇ, ಇಷ್ಟು ದಿನ ಇದು ನನಗೆ ಕೇಳಿಸದೇ ಇದ್ದದ್ದು ನಾನೂ ಅದೇ ಗದ್ದಲದಲ್ಲಿ ಒಬ್ಬನಾಗಿದ್ದರಿಂದ ಎಂದು ಹೊಳೆದು ಸಿಟ್ಟು ಇಳಿಯಿತು.

ಇದು ಬರೀ ನನ್ನೊಬ್ಬನ ಕಿರಿಕಿರಿಯಲ್ಲ. 2021ರ ನವೆಂಬರ್‌ನಲ್ಲಿ ಹೈಕೋರ್ಟ್ ನಿರ್ದೇಶನದಂತೆ ಕೆಎಸ್‌ಆರ್‌ಟಿಸಿ, ಬಸ್ಸಿನಲ್ಲಿ ಮೊಬೈಲ್ ಸ್ಪೀಕರ್ ಹಾಕಿ ಹಾಡು, ವಿಡಿಯೊ ಕೇಳುವುದನ್ನು ನಿಷೇಧಿಸಿತು. ಹೇಳಿದರೂ ಕೇಳದವರನ್ನು ಬಸ್ಸಿನಿಂದ ಇಳಿಸಬಹುದು ಎಂದೂ ತಿಳಿಸಿತು. ಪಕ್ಕದವರಿಗೆ ತೊಂದರೆ ಕೊಡಬೇಡಿ ಎಂದು ಹೇಳಲು ನ್ಯಾಯಾಲಯವೇ ಬರಬೇಕಾಯಿತು. ಆದರೂ ಆ ಆದೇಶ ಪಾಲನೆಯಾಗುವುದನ್ನು ಎಷ್ಟು ಮಂದಿ ಕಂಡಿದ್ದೇವೆ? ದಿನವೂ ನೂರಾರು ಜನರ ಜತೆ ಗುದ್ದಾಡುವ ಕಂಡಕ್ಟರ್ ಎಷ್ಟು ಜನರನ್ನು ಇಳಿಸಲು ಸಾಧ್ಯ? ಕಾನೂನು ತಲುಪದ ಕಡೆ ಕೆಲಸ ಮಾಡಬೇಕಾದದ್ದು ನಾಚಿಕೆ.

ಸ್ಪೀಕರ್ ಹಾಕುವುದು ಸಣ್ಣ ವಿಷಯ ಅನ್ನಿಸಬಹುದು. ಆದರೆ ಸುತ್ತ ಇರುವ ಮನುಷ್ಯರನ್ನು ಮರೆಯುವ ಈ ಗುಣ ಎಲ್ಲಿಗೆ ಮುಟ್ಟುತ್ತದೆ ಎಂಬುದಕ್ಕೆ ಕೊಪ್ಪಳದ ಘಟನೆ ಸಾಕ್ಷಿ. 2017ರ ಫೆಬ್ರುವರಿಯಲ್ಲಿ ಅಲ್ಲಿ ಸೈಕಲ್ ಮೇಲೆ ಹೊರಟಿದ್ದ ಹದಿಹರೆಯದ ಹುಡುಗನೊಬ್ಬ ಬಸ್ಸಿಗೆ ಸಿಲುಕಿ ರಸ್ತೆಯಲ್ಲಿ ರಕ್ತದ ಮಡುವಿನಲ್ಲಿ ಬಿದ್ದು ಸಹಾಯಕ್ಕೆ ಅಂಗಲಾಚುತ್ತಿದ್ದ. ಸುತ್ತ ನೆರೆದವರಲ್ಲಿ ಹಲವರು ಫೋಟೊ, ವಿಡಿಯೊ ತೆಗೆಯುತ್ತಾ ನಿಂತಿದ್ದರು. ಆತ ಉಳಿಯಲಿಲ್ಲ. ಅವರೆಲ್ಲರ ಕೈಯಲ್ಲಿದ್ದ ಅದೇ ಫೋನಿನಿಂದ 108ಕ್ಕೆ ಕರೆ ಮಾಡಬಹುದಿತ್ತು. ಪೊಲೀಸ್, ಕೋರ್ಟು ಎಂದು ಅಲೆಯಬೇಕಾದೀತು ಎಂಬ ಹೆದರಿಕೆಯೂ ಈಗ ಬೇಕಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆ ಗಾಯಾಳುವಿಗೆ ನೆರವಾದವರಿಗೆ ರಕ್ಷಣೆ ಕೊಟ್ಟಿದೆ. ಸಾಕ್ಷಿ ಹೇಳಲೇಬೇಕೆಂದು ಅವರನ್ನು ಬಲವಂತ ಮಾಡುವಂತಿಲ್ಲ.

ಅಪ್ಪ ಹೇಳಿದ ಮಾತು

ಅಂದು ಊರಿಗೆ ಹೋದೆನಲ್ಲ, ರಾತ್ರಿ ಊಟವಾದ ಮೇಲೆ ಕಟ್ಟೆಯ ಮೇಲೆ ಸುಮ್ಮನೆ ಕುಳಿತಿದ್ದೆ. ಮಾಡಲು ಬೇರೆ ಕೆಲಸವಿರಲಿಲ್ಲ. ಅಪ್ಪ ಬಂದು ಪಕ್ಕದಲ್ಲಿ ಕುಳಿತರು. ಅಪ್ಪ ಮಾತು ಕಡಿಮೆ. ಮಳೆ, ಹೆಸರಿನ ಬೆಳೆ ಎಂದು ಸ್ವಲ್ಪ ಹೊತ್ತು ಮಾತಾಡಿ ಆಮೇಲೆ ಅಂದರು: ‘ತಮ್ಮಾ, ನಿನ್ನ ಕೋಚಿಂಗ್ ಫೀಗೆ ಅವ್ವನ ಬೋರಮಾಳ ಸರ ಅಡಾ ಇಟ್ಟೇವಿ. ಬರೋ ಸುಗ್ಗಿಗೆ ಬಿಡಿಸಬೇಕು ಅಂತ ಮಾಡೇವಿ. ನಿನಗ ಗೊತ್ತಿರಲಿ ಅಂತ ಹೇಳಿದೆ.’

ಮೊದಲೇ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

‘ಹೋದ ಸಲ ಬಂದಾಗ ಎರಡು ಮೂರು ಸಲ ನಿನ್ನ ಹತ್ರ ಬಂದ್ನಿ. ನೀ ಫೋನಿನ್ಯಾಗ ಇದ್ದಿ.’

ಅವರ ದನಿಯಲ್ಲಿ ಆಕ್ಷೇಪ ಇರಲಿಲ್ಲ. ಮಳೆ ಬರುತ್ತಿತ್ತು, ಅದಕ್ಕೆ ಹೊಲಕ್ಕೆ ಹೋಗಲಿಲ್ಲ ಎನ್ನುವ ಹಾಗೆ ಹೇಳಿದರು. ಫೋನ್ ಹಿಡಿದಿದ್ದಾಗ ನಾನು ಏನು ನೋಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ಆ ರಾತ್ರಿ ಬಹಳ ಹೊತ್ತು ಪ್ರಯತ್ನಿಸಿದೆ. ಒಂದೂ ನೆನಪಾಗಲಿಲ್ಲ.

ನಮ್ಮಿಂದ ಆಗುವುದೇನು?

ನಮ್ಮ ಬೆಳಗಾವಿ, ವಿಜಯಪುರಕ್ಕೆ ಹೊಂದಿಕೊಂಡ ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಮೋಹಿತ್ಯಾಂಚೆ ವಡಗಾಂವ ಎಂಬ ಹಳ್ಳಿಯಿದೆ. 2022ರಿಂದ ಅಲ್ಲಿ ಸಂಜೆ ಏಳಕ್ಕೆ ಗುಡಿಯಿಂದ ಸೈರನ್ ಕೂಗುವ ಪದ್ಧತಿ ಶುರುವಾಯಿತು. ಮುಂದಿನ ಒಂದೂವರೆ ಗಂಟೆ ಮನೆಮನೆಯಲ್ಲೂ ಟಿ.ವಿ., ಮೊಬೈಲ್ ಬಂದ್. ಮಕ್ಕಳು ಓದಬೇಕು, ಮನೆಯವರು ಮಾತಾಡಬೇಕು. ಆನ್‌ಲೈನ್ ಪಾಠದ ಕಾಲದಲ್ಲಿ ಮಕ್ಕಳ ಕೈಗೆ ಹತ್ತಿದ ಫೋನ್ ಬಿಡಿಸಲು ಊರವರು ಸಭೆ ಸೇರಿ ಮಾಡಿದ ನಿಯಮ ಇದು. ಅವರೂ ಫೋನನ್ನು ಬಾವಿಗೆ ಎಸೆಯಲಿಲ್ಲ. ಇಷ್ಟು ಹೊತ್ತು ಕೆಳಗಿಡೋಣ ಎಂದು ಒಪ್ಪಿಕೊಂಡರು, ಅಷ್ಟೇ.

ಮೂರು ಗಂಟೆಯ ಪರೀಕ್ಷೆಗೆ ಕೂರುವಾಗ ನಾವೂ ಫೋನನ್ನು ಗೇಟಿನ ಹೊರಗೆ ಬಿಟ್ಟು ಹೋಗುತ್ತೇವೆ. ಆ ಮೂರು ಗಂಟೆಯಲ್ಲಿ ಯಾರ ಪ್ರಪಂಚವೂ ಮುಳುಗಿಲ್ಲ. ಪರೀಕ್ಷೆಗೆ ಕೊಡುವ ಮರ್ಯಾದೆಯಲ್ಲಿ ಕಾಲು ಭಾಗವನ್ನು ಎದುರಿಗಿರುವ ಮನುಷ್ಯರಿಗೆ ಕೊಟ್ಟರೆ ಸಾಕು. ಅದಕ್ಕೆ ದೊಡ್ಡ ನಿಯಮಗಳೇನೂ ಬೇಡ. ಕರೆ ಮಾಡಿದಾಗ ‘ಈಗ ಮಾತಾಡಬಹುದಾ?’ ಎಂದು ಕೇಳುವುದು. ಗೊತ್ತಿಲ್ಲದವರಿಗೆ ಕರೆ ಮಾಡಿದರೆ ಮೊದಲು ನಮ್ಮ ಹೆಸರು ಹೇಳುವುದು. ಸ್ಪೀಕರ್ ಹಾಕಿದ್ದರೆ ಆ ಕಡೆಯವರಿಗೆ ತಿಳಿಸುವುದು. ಯಾರದಾದರೂ ಫೋಟೊ ತೆಗೆಯುವ ಮುನ್ನ ಒಂದು ಮಾತು ಕೇಳುವುದು. ಓದುವ ಕೊಠಡಿಯಲ್ಲಿ ಫೋನ್ ಬಂದರೆ ಎದ್ದು ಹೊರಗೆ ಹೋಗುವುದು. ಸಂದರ್ಶನಕ್ಕೆ ಹೋಗುವಾಗ ಸೈಲೆಂಟ್ ಅಲ್ಲ, ಪೂರ್ತಿ ಸ್ವಿಚ್ ಆಫ್ ಮಾಡುವುದು. ಮೇಜಿನ ಮೇಲೆ ಗುರ್ರೆನ್ನುವ ಫೋನ್ ನಾವು ಬಾಯಿ ತೆರೆಯುವ ಮೊದಲೇ ನಮ್ಮ ಪರಿಚಯ ಹೇಳಿಬಿಡುತ್ತದೆ.

ನನ್ನ ಫೋನ್ ಈಗ ರಿಪೇರಿಯಾಗಿದೆ. ಅದಿಲ್ಲದೆ ಬದುಕುತ್ತೇನೆ ಎಂದು ಯಾವ ವೇದಿಕೆಯ ಮೇಲೂ ಇನ್ನು ಹೇಳಲಾರೆ. ನಾಳೆಯೇ ಯಾವುದೋ ಅಧಿಸೂಚನೆ ಬರಬಹುದು, ಒಟಿಪಿ ಬೇಕಾಗಬಹುದು. ಆದರೆ ಊರಿಗೆ ಹೋದಾಗ ಅದನ್ನು ಪಡಸಾಲೆಯ ಗೋಡೆಯಲ್ಲಿರುವ ಮಾಡದಲ್ಲಿ ಇಡುತ್ತೇನೆ. ರಿಂಗಾದರೆ ಅಲ್ಲಿಂದ ಕೇಳಿಸುತ್ತದೆ. ಹೋದ ವಾರ ಅಪ್ಪ ಬಂದು ಕುಳಿತು ಅದರ ಕಡೆ ಒಮ್ಮೆ, ನನ್ನ ಕಡೆ ಒಮ್ಮೆ ನೋಡಿದರು. ಆಮೇಲೆ ಸೊಸೈಟಿ ಸಾಲದ ಮಾತು ತೆಗೆದರು.