ಬೇಲಿ ಹುಡುಗಿಗೆ, ಪಾಠ ಯಾರಿಗೆ?

"ಹುಡುಗಿ ಹೈಸ್ಕೂಲಿನಿಂದ ಡಿಗ್ರಿಯವರೆಗೂ ಹೆಣ್ಣುಮಕ್ಕಳ ಜೊತೆಯಲ್ಲೇ ಓದಿದವಳು." ಹೆಣ್ಣು ನೋಡುವ ಶಾಸ್ತ್ರದಲ್ಲಿ ಈ ಮಾತನ್ನು ನೀವೂ ಕೇಳಿರುತ್ತೀರಿ. ಚಿನ್ನ ಎಷ್ಟು, ಸೈಟು ಯಾರ ಹೆಸರಿಗೆ, ಛತ್ರದ ಖರ್ಚು ಯಾರದು ಎಂಬ ಲೆಕ್ಕಾಚಾರದ ನಡುವೆ ಇದನ್ನೂ ಒಂದು ಒಡವೆಯಂತೆ ಮುಂದಿಡುತ್ತಾರೆ. ನನ್ನ ಮದುವೆಯ ಮಾತುಕತೆಯಲ್ಲೂ ನಮ್ಮ ಸೋದರಮಾವ ಇದನ್ನೇ ಹೇಳಿದ್ದರು. ನಾನು ಏನು ಓದಿದ್ದೇನೆಂದು ಗಂಡಿನ ಕಡೆಯವರು ಕೇಳಲಿಲ್ಲ. ಯಾರ ಜೊತೆ ಓದಿಲ್ಲ ಎಂಬುದಷ್ಟೇ ಅವರಿಗೆ ಬೇಕಾಗಿತ್ತು.

ಈ ಹಳೆಯ ಮಾತು ನೆನಪಾಗಲು ಕಾರಣವಿದೆ. ಕಳೆದ ವರ್ಷ ನಮ್ಮ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಒಂಬತ್ತನೇ ತರಗತಿಯ ಹುಡುಗನೊಬ್ಬ ಸಹಪಾಠಿಯ ಪುಸ್ತಕದೊಳಗೆ ಚೀಟಿ ಇಟ್ಟ. ಅವಳು ಅದನ್ನು ತಾನೇ ಒಯ್ದು ಟೀಚರ ಕೈಗೆ ಕೊಟ್ಟಳು. ಆಮೇಲೆ ನಡೆದದ್ದೇನು? ಹುಡುಗನಿಗೆ ಎರಡೇಟು ಬಿತ್ತು, ಮಾರನೆಯ ದಿನ ಅವನು ಎಂದಿನಂತೆ ತರಗತಿಯಲ್ಲಿದ್ದ. ಹುಡುಗಿಯನ್ನು ಮನೆಯವರು ಶಾಲೆ ಬಿಡಿಸಿದರು. "ಗಂಡು ನೋಡುತ್ತಿದ್ದೇವೆ" ಎಂದರು. ಹದಿನಾಲ್ಕು ವರ್ಷದ ಮಗುವಿಗೆ! ಪೋಷಕರ ಸಭೆಯಲ್ಲಿ ಹೆಣ್ಣುಮಕ್ಕಳಿಗೆ ಪ್ರತ್ಯೇಕ ಶಾಲೆ ಬೇಕೆಂಬ ಮನವಿ ಸಿದ್ಧವಾಯಿತು. ಮಹಿಳಾ ಸಂಘಟನೆಯವರಾದ ನೀವೂ ಸಹಿ ಹಾಕಿ ಎಂದರು. ನಾನು ಹಾಕಲಿಲ್ಲ. ಏಕೆಂದು ಹೇಳುವುದು ನನ್ನ ಹೊಣೆ.

ಹೆಣ್ಣುಮಕ್ಕಳ ಶಾಲೆಯ ಋಣವನ್ನು ನಾನು ಅಲ್ಲಗಳೆಯುವುದಿಲ್ಲ. 1848ರಲ್ಲಿ ಪುಣೆಯಲ್ಲಿ ಸಾವಿತ್ರಿಬಾಯಿ ಮತ್ತು ಜೋತಿರಾವ್ ಫುಲೆ ತೆರೆದದ್ದು ಹೆಣ್ಣುಮಕ್ಕಳ ಶಾಲೆಯನ್ನೇ. 1881ರಲ್ಲಿ ಮೈಸೂರಿನಲ್ಲಿ ಆರಂಭವಾದ ಮಹಾರಾಣಿಯವರ ಶಾಲೆ ಇಲ್ಲದಿದ್ದರೆ ನಮ್ಮ ಎಷ್ಟೋ ಅಜ್ಜಿಯರು ಅಕ್ಷರ ಕಾಣುತ್ತಿರಲಿಲ್ಲ. 2004ರಲ್ಲಿ ಬಂದ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳು ದಲಿತ, ಬುಡಕಟ್ಟು, ಹಿಂದುಳಿದ ಮತ್ತು ಅಲ್ಪಸಂಖ್ಯಾತ ಹುಡುಗಿಯರಿಗೆ ವಸತಿಯ ಜೊತೆ ಓದು ಕೊಟ್ಟಿವೆ. ನನ್ನ ಶಾಲೆಯಲ್ಲೂ ಗಂಟೆ ಬಾರಿಸುವವಳು, ಲ್ಯಾಬಿನಲ್ಲಿ ಬರ್ನರ್ ಹಚ್ಚುವವಳು, ಭಾಷಣ ಮಾಡುವವಳು, ಎಲ್ಲರೂ ಹುಡುಗಿಯರೇ. ನಾಚಿಕೆ ಬಿಟ್ಟು ಮಾತನಾಡುವುದನ್ನು ನಾನು ಕಲಿತದ್ದು ಅಲ್ಲಿಯೇ. ನಮ್ಮ ಸಂಘಟನೆಯಲ್ಲಿ ಕೂಡ ನೊಂದ ಹೆಂಗಸರು ಮೊದಲು ಬಾಯಿ ಬಿಡುವುದು ಹೆಂಗಸರೇ ಕೂತಾಗ. ಪ್ರತ್ಯೇಕವಾಗಿ ಕೂರುವುದಕ್ಕೂ ಒಂದು ಶಕ್ತಿ ಇದೆ.

ಆದರೆ ನಾವಾಗಿಯೇ ಕೂಡುವುದು ಬೇರೆ, ನಮ್ಮನ್ನು ಕೂಡಿಹಾಕುವುದು ಬೇರೆ. ಆ ಮನವಿಯಲ್ಲಿ ಹುಡುಗಿಯರಿಗೆ ಒಳ್ಳೆಯ ಲ್ಯಾಬು ಬೇಕು, ಗಣಿತಕ್ಕೆ ಟೀಚರು ಬೇಕು ಎಂಬ ಒಂದು ಸಾಲೂ ಇರಲಿಲ್ಲ. ಇದ್ದದ್ದು ಕಾಂಪೌಂಡಿನ ಮಾತು, ಮಾನದ ಮಾತು. ಮದುವೆಯ ಪೇಟೆಗೆ ಮಾಲು ಕೆಡದಂತೆ ಕಾಯ್ದಿಡುವ ಉಗ್ರಾಣವನ್ನು ಶಾಲೆ ಎಂದು ಕರೆಯಬೇಕೆ? ಇಂಥ ಉಗ್ರಾಣದಿಂದ ಹೊರಬರುವ ಹುಡುಗಿಗೆ ಮುಂದೆ ವರದಕ್ಷಿಣೆ ಕೇಳಿದರೆ, ಕೇಳಿದವನನ್ನು ಎದುರಿಸುವ ಧೈರ್ಯ ಎಲ್ಲಿಂದ ಬರಬೇಕು?

ಇನ್ನು, ಬೇಲಿಯ ಆಚೆಗಿನ ಹುಡುಗನ ಬಗ್ಗೆ ಯಾರೂ ಮಾತನಾಡಲಿಲ್ಲ. ಎರಡೇಟಿನಿಂದ ಅವನು ಕಲಿತದ್ದೇನು? ತಪ್ಪು ಕಂಡರೆ ಬಲವುಳ್ಳವರು ಹೊಡೆಯಬಹುದು ಎಂದು. ಈ ಪಾಠವನ್ನು ಅವನು ಮರೆಯುವುದಿಲ್ಲ, ಸಾರಿಗೆ ಉಪ್ಪು ಹೆಚ್ಚಾದ ದಿನ ಹೆಂಡತಿಗೆ ಒಪ್ಪಿಸುತ್ತಾನೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವಯಸ್ಸಿನ ಮಹಿಳೆಯರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಇದೇ ರಾಜ್ಯದಲ್ಲಿ ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ "ಬಾಲಕಿಯರೇ ಮೇಲುಗೈ" ಎಂದು ಓದುತ್ತೇವೆ. ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಹುಡುಗಿಯರು ಕಲಿತಿದ್ದಾರೆ. ಕಲಿಯದೆ ಉಳಿದವರು ಯಾರು?

ಕಾನೂನುಗಳು ಬಂದಿವೆ, ಅವು ಬೇಕು. 1961ರ ವರದಕ್ಷಿಣೆ ನಿಷೇಧ ಕಾಯ್ದೆ, 1983ರಲ್ಲಿ ಬಂದ, 2024ರ ಜುಲೈನಿಂದ ಭಾರತೀಯ ನ್ಯಾಯ ಸಂಹಿತೆಯೊಳಗೆ ಸೇರಿರುವ 498ಎ, 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ. ಆದರೆ ಇವುಗಳಲ್ಲಿ ಹೆಚ್ಚಿನವು ಏಟು ಬಿದ್ದ ಮೇಲೆ ಕೈಗೆ ಸಿಗುವ ಆಯುಧಗಳು. ಏಟು ಕೊಡುವ ಕೈ ತಯಾರಾಗುವುದು ಇಪ್ಪತ್ತು ವರ್ಷ ಮೊದಲು. ಆಗ ಅದು ಶಾಲೆಯ ಬೆಂಚಿನ ಮೇಲಿರುತ್ತದೆ. ಗಣಿತದಲ್ಲಿ ತನಗಿಂತ ಮುಂದಿರುವ, ತನ್ನ ಮಾತಿಗೆ ಎದುರು ವಾದಿಸುವ ಹುಡುಗಿಯ ಪಕ್ಕದಲ್ಲಿ ಕೂತು ಬೆಳೆಯದ ಗಂಡಸಿಗೆ, ಹೆಣ್ಣೆಂದರೆ ತಾಯಿ, ತಂಗಿ, ಇಲ್ಲವೇ ಸಿನಿಮಾ ಪರದೆ. ಗಂಡುಮಕ್ಕಳ ಶಾಲೆಯಲ್ಲಿ ಓದಿದವರೆಲ್ಲ ಹೊಡೆಯುತ್ತಾರೆಂದು ನಾನು ಹೇಳುತ್ತಿಲ್ಲ. ಅಲ್ಲಿ ಈ ಪಾಠ ಕಲಿಯಲು ಅವಕಾಶವೇ ಇಲ್ಲ ಎನ್ನುತ್ತಿದ್ದೇನೆ.

ಹಾಗೆಂದು ಸಹಶಿಕ್ಷಣ ಎಂಬ ಬೋರ್ಡು ಹಾಕಿದರೆ ಸಾಕೆ? ಎಡಗಡೆ ಹುಡುಗಿಯರ ಸಾಲು, ಬಲಗಡೆ ಹುಡುಗರ ಸಾಲು. ಕಸ ಗುಡಿಸಲು, ರಂಗೋಲಿ ಹಾಕಲು, ಬಂದ ಅತಿಥಿಗೆ ಆರತಿ ಎತ್ತಲು ಹುಡುಗಿಯರು, ಮೈದಾನವಿಡೀ ಹುಡುಗರಿಗೆ. ಮುಟ್ಟಿನ ದಿನಗಳಲ್ಲಿ ನೀರಿಲ್ಲದ ಶೌಚಾಲಯ. ಮಾತನಾಡಿದರೆ ಹೆಸರು ಕೆಟ್ಟಿತು. ಇದು ಒಂದೇ ಸೂರಿನಡಿ ಎರಡು ಶಾಲೆ. ಸೂರಿನ ಹೊರಗಂತೂ ಕಾವಲುಗಾರರು ಬೇರೆಯೇ ಇದ್ದಾರೆ. 2012ರ ಜುಲೈನಲ್ಲಿ ಮಂಗಳೂರಿನ ಹೋಂಸ್ಟೇಯಲ್ಲಿ ಹುಟ್ಟುಹಬ್ಬಕ್ಕೆ ಸೇರಿದ್ದ ಹುಡುಗ ಹುಡುಗಿಯರ ಮೇಲೆ ಕೈಮಾಡಿದ್ದನ್ನು ನಾವು ಮರೆತಿಲ್ಲ. ಗೆಳೆತನವನ್ನೇ ಅಪರಾಧವೆನ್ನುವ ಇವರಿಗೆ ವರದಕ್ಷಿಣೆ ಅಪರಾಧವಾಗಿ ಕಾಣುವುದಿಲ್ಲ!

1960ರ ದಶಕದಲ್ಲೇ ಹಂಸಾ ಮೆಹ್ತಾ ಸಮಿತಿ ಪ್ರಾಥಮಿಕ ಹಂತದಲ್ಲಿ ಸಹಶಿಕ್ಷಣವನ್ನೂ, ಗಂಡು ಹೆಣ್ಣಿಗೆ ಒಂದೇ ಪಠ್ಯಕ್ರಮವನ್ನೂ ಶಿಫಾರಸು ಮಾಡಿತ್ತು. ಗೃಹವಿಜ್ಞಾನವನ್ನು ಹುಡುಗರೂ ಕಲಿಯಬೇಕೆಂದಿತ್ತು. ಅರವತ್ತು ವರ್ಷ ಕಳೆದರೂ ನಮ್ಮ ಎಷ್ಟು ಗಂಡುಮಕ್ಕಳಿಗೆ ಅನ್ನ ಮಾಡಲು ಬರುತ್ತದೆ?

ನನ್ನ ನಿಲುವು ಇಷ್ಟು. ಬೇರೆ ದಾರಿಯಿಲ್ಲದ ಹುಡುಗಿಯರು ಓದುತ್ತಿರುವ ಹೆಣ್ಣುಮಕ್ಕಳ ಶಾಲೆಗಳನ್ನು ಮುಚ್ಚಬಾರದು. ಸಹಶಿಕ್ಷಣದ ಹೆಸರಿನಲ್ಲಿ ಮುಚ್ಚಿದರೆ ಅವರು ಹೋಗುವುದು ಅಡುಗೆಮನೆಗೆ. ಗಂಡುಮಕ್ಕಳಿಗೇ ಮೀಸಲಾದ ಶಾಲೆಗಳಿಗೆ ಮಾತ್ರ ಯಾವ ಸಮರ್ಥನೆಯೂ ಇಲ್ಲ. ಅವುಗಳ ಬಾಗಿಲು ಹುಡುಗಿಯರಿಗೆ ತೆರೆಯಲಿ. ಇರುವ ಸಹಶಿಕ್ಷಣದ ಶಾಲೆಗಳಲ್ಲಿ ಬೆಂಚು, ಪೊರಕೆ, ಮೈದಾನ ಮೂರನ್ನೂ ಸಮನಾಗಿ ಹಂಚಲಿ. ಹುಡುಗಿಯ ದೂರನ್ನು ಕೇಳುವ ಮಹಿಳಾ ಶಿಕ್ಷಕಿ ಪ್ರತಿ ಶಾಲೆಯಲ್ಲೂ ಇರಲಿ. ದೂರು ಕೊಟ್ಟವಳೇ ಶಾಲೆ ಬಿಡುವ ಪದ್ಧತಿ ನಿಲ್ಲಲಿ.

ಆ ಹುಡುಗಿಯ ಮನೆಗೆ ನಾವು ನಾಲ್ಕು ಸಲ ಹೋಗಿ ಬಂದೆವು. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯನ್ನು ತಿಳಿಸಿ ಹೇಳಿದ ಮೇಲೆ ಗಂಡು ನೋಡುವುದು ನಿಂತಿದೆ. ಶಾಲೆಗೆ ಮಾತ್ರ ಇನ್ನೂ ಕಳಿಸಿಲ್ಲ. ನಾಲ್ಕನೆಯ ಸಲ ಬಾಗಿಲಿನವರೆಗೆ ಬಂದು ಅವಳು ಕೇಳಿದಳು: "ಅಕ್ಕಾ, ಚೀಟಿ ಬರೆದದ್ದು ಅವನು. ನಾನ್ಯಾಕೆ ಮನೇಲಿರಬೇಕು?" ಮನವಿಗೆ ಸಹಿ ಹಾಕಿದವರೆಲ್ಲ ಮೊದಲು ಅವಳಿಗೆ ಉತ್ತರ ಕೊಡಲಿ.