ಎಷ್ಟು ಜಿಬಿ ಅಂತ ಮಾತ್ರ ಕೇಳಬೇಡಿ ಸ್ವಾಮಿ!

ಬ್ಲಾಗಿನ ಕಡೆ ತಲೆ ಹಾಕಿ ತಿಂಗಳುಗಳೇ ಆದವು. ಬರೆಯೋಕೆ ವಿಷಯ ಇರಲಿಲ್ಲ ಅಂತಲ್ಲ, ಸೋಮಾರಿತನ ಅಷ್ಟೆ. ಇವತ್ತು ಕೀಬೋರ್ಡಿನ ಮುಂದೆ ಕೂರಿಸಿದ್ದು ಸಿಟ್ಟು. ಅರ್ಧ ಸಿಟ್ಟು ಕಂಪ್ಯೂಟರ್ ಅಂಗಡಿಗಳ ಮೇಲೆ, ಇನ್ನರ್ಧ ಕನ್ನಡದಲ್ಲಿ ಬ್ಲಾಗ್ ಬರೆಯೋ ನಮ್ಮ ಬಳಗದ ಮೇಲೆ. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ :-)

ವಿಷಯ ತುಂಬಾ ಸಣ್ಣದು. ಹಳೇ ಡೆಸ್ಕ್‌ಟಾಪಿಗೆ ರ‍್ಯಾಮ್ ಹಾಕಿಸೋದು. (ಈ ಪದವನ್ನು ಯುನಿಕೋಡಿನಲ್ಲಿ ಬರೆಯೋದೇ ಒಂದು ಸರ್ಕಸ್ಸು. ಸುಮ್ಮನೆ ಟೈಪ್ ಮಾಡಿದರೆ ರ ಹೋಗಿ ಅರ್ಕಾವತ್ತಾಗಿ ಪಕ್ಕದಲ್ಲಿ ಕೂತುಬಿಡುತ್ತೆ. ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ತೂರಿಸಬೇಕು. ನಿಮಗೆ ಗೊತ್ತಿರೋದೇ, ಇರಲಿ.)

ಇದನ್ನು ಏನಂತ ಕರೆಯಬೇಕು ಅನ್ನೋದರ ಬಗ್ಗೆ ನಮ್ಮ ಬಳಗದಲ್ಲಿ ಎಷ್ಟು ಚರ್ಚೆ ಆಗಿದೆ ನೆನಪಿದೆಯಾ? ಸ್ಮೃತಿಕೋಶ ಅನ್ನಬೇಕೋ, ನೆನಪಿನ ಕೋಶ ಅನ್ನಬೇಕೋ, ಸಂಸ್ಕೃತ ಬೇಕೋ ಅಚ್ಚಗನ್ನಡ ಬೇಕೋ... ಕಮೆಂಟಿನ ಮೇಲೆ ಕಮೆಂಟು. ಪವನಜ, ಟಿ.ಜಿ. ಶ್ರೀನಿಧಿ ಅವರಂಥ ಕೆಲವರನ್ನು ಬಿಟ್ಟರೆ, ಕಂಪ್ಯೂಟರಿನ ಒಳಗೆ ಇರೋದನ್ನು ಕನ್ನಡದಲ್ಲಿ ಬಿಡಿಸಿ ಹೇಳಿದವರು ಎಷ್ಟು ಜನ? ಆ ಸ್ಮೃತಿಕೋಶವನ್ನು ಅಂಗಡಿಯಲ್ಲಿ ಹೇಗೆ ನೋಡಿ ತಗೋಬೇಕು ಅಂತ ಮೊಳಕಾಲ್ಮೂರಿನ ಡಿಟಿಪಿ ಅಂಗಡಿಯವರಿಗೆ ಅರ್ಥ ಆಗೋ ಹಾಗೆ ಬರೆದವರು ಯಾರು?

ನಮ್ಮ ಕಡೆ ಡೆಸ್ಕ್‌ಟಾಪ್ ಇನ್ನೂ ದುಡಿಯೋ ಯಂತ್ರ, ಶೋಕಿ ಅಲ್ಲ. ಚಳ್ಳಕೆರೆಯಲ್ಲಿ ಮಂಡಿ ಲೆಕ್ಕ ಟ್ಯಾಲಿಯಲ್ಲಿ ಕೂತಿದೆ. ಫೋಟೋ ಸ್ಟುಡಿಯೋದವರು ಮದುವೆ ಆಲ್ಬಂ ಮಾಡ್ತಾರೆ. ಝೆರಾಕ್ಸ್ ಅಂಗಡಿಗಳಲ್ಲಿ ಸೇವಾಸಿಂಧು ಅರ್ಜಿ, ಪಹಣಿ, ಜಾತಿ ಆದಾಯ ಪ್ರಮಾಣಪತ್ರ. ಲಗ್ನಪತ್ರಿಕೆ ಮಾಡೋರು ಇವತ್ತಿಗೂ ಪೇಜ್‌ಮೇಕರ್ 7 ಮತ್ತು ನುಡಿ ಬಿಟ್ಟಿಲ್ಲ. ಬಹುಪಾಲು ಹತ್ತು, ಹನ್ನೆರಡು ವರ್ಷ ಹಳೆಯ ಯಂತ್ರಗಳು. ಅದು ನಿಧಾನ ಆದ ದಿನ ಅಂಗಡಿ ಮುಂದೆ ನಿಂತ ಗಿರಾಕಿ ಪಕ್ಕದಂಗಡಿಗೆ ಹೋಗ್ತಾರೆ. ಅಲ್ಲಿಂದ ಶುರು ರ‍್ಯಾಮ್ ಕತೆ.

ಅಂಗಡಿಗೆ ಹೋದರೆ ಕೇಳೋ ಪ್ರಶ್ನೆ ಒಂದೇ. "ಎಷ್ಟು ಜಿಬಿ ಹಾಕ್ಲಿ?" ಇವರು ನಾಲ್ಕು ಅಂತಾರೆ, ಅವರು "ಎಂಟೇ ಹಾಕಿಸ್ಕೊಳ್ಳಿ ಸಾರ್, ಹಾರಾಡುತ್ತೆ" ಅಂತಾರೆ. ಡ್ರಾಯರ್ ಎಳೆದು ಒಂದು ಸ್ಟಿಕ್ ತೆಗೀತಾರೆ. ಮುಗೀತು! ಯಾವ ಮದರ್‌ಬೋರ್ಡ್, ಯಾವ ವಿಂಡೋಸ್, ಏನು ಕೆಲಸ ಮಾಡ್ತೀರಿ, ಒಂದೂ ಕೇಳಲ್ಲ.

ಶೇಂಗಾ ಮಾರೋಕೆ ಚಳ್ಳಕೆರೆ ಮಂಡಿಗೆ ಬಂದ ರೈತನ ಮಾಲನ್ನು ವ್ಯಾಪಾರಿ ಹಾಗೇ ತಗೋತಾನಾ? ಚೀಲಕ್ಕೆ ಕೈ ಹಾಕಿ, ಕಾಯಿ ಸುಲಿದು, ಬೀಜ ಜೊಳ್ಳೋ ಗಟ್ಟಿಯೋ ನೋಡಿ ಆಮೇಲೆ ರೇಟು. ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ತಗೊಳ್ಳೋರು ಜರಿ ಅಸಲಿಯೋ ನಕಲಿಯೋ ಅಂತ ಸೆರಗು ತಿರುಗಿಸಿ ತಿರುಗಿಸಿ ನೋಡ್ತಾರೆ. ಅದೇ ಜನ ಕಂಪ್ಯೂಟರ್ ಅಂಗಡಿಯಲ್ಲಿ ಕೈಕಟ್ಟಿ ನಿಂತು, ಹೇಳಿದಷ್ಟು ಕೊಟ್ಟು ಬರ್ತಾರೆ. ಬುದ್ಧಿ ಇಲ್ಲ ಅಂತಲ್ಲ. ಸುಲಿದು ನೋಡೋದು ಹೇಗೆ ಅಂತ ಯಾರೂ ಅವರ ಭಾಷೆಯಲ್ಲಿ ಹೇಳಿಕೊಟ್ಟಿಲ್ಲ, ಅಷ್ಟೆ.

ಉದಾಹರಣೆ ಬೇಕಾ? ನಮ್ಮ ಚಿಕ್ಕಮ್ಮನ ಮಗಳು ಮೊಳಕಾಲ್ಮೂರಿನಲ್ಲಿ ಡಿಟಿಪಿ ಮಾಡ್ತಾಳೆ. 2023ರಲ್ಲಿ ಅವಳ ಯಂತ್ರದ 4 ಜಿಬಿಯನ್ನು 8 ಜಿಬಿ ಮಾಡಿಸಿಕೊಂಡಳು. ಎಲ್ಲಿ ಅಂತ ಹೇಳಲ್ಲ, ಬಿಡಿ. ಒಂದು ವಾರ ಬಿಟ್ಟು ಫೋನು. "ಅಣ್ಣಾ, ದುಡ್ಡು ಕೊಟ್ಟೀನಿ, ಮೊದ್ಲು ಹೆಂಗಿತ್ತೋ ಹಂಗೇ ಐತೆ. ನೀನೇ ಒಂದ್ಸಲ ಬಂದು ನೋಡು." ಹೋಗಿ ನೋಡಿದರೆ, ಸಿಸ್ಟಮ್ ಪುಟದಲ್ಲಿ 8 ಜಿಬಿ ಅಂತಲೇ ಇದೆ. ಪಕ್ಕದಲ್ಲಿ ಸಣ್ಣಕ್ಷರದಲ್ಲಿ, ಬಳಸಬಹುದಾದದ್ದು 3 ಜಿಬಿ ಚಿಲ್ಲರೆ! ಹಾಕಿದ್ದು 32 ಬಿಟ್ ವಿಂಡೋಸ್ 10.

ಇದರ ಲೆಕ್ಕ ಸುಲಭ. 32 ಬಿಟ್‌ನಲ್ಲಿ ಬರೆಯಬಹುದಾದ ವಿಳಾಸಗಳು 429 ಕೋಟಿ 49 ಲಕ್ಷ 67 ಸಾವಿರದ 296. ಅಂದರೆ ಸರಿಯಾಗಿ 4 ಜಿಬಿ. ಮನೆ ನಂಬರ್ ಅಷ್ಟಕ್ಕೇ ಮುಗಿದ ಮೇಲೆ ಅದರಾಚೆ ಎಷ್ಟು ಮನೆ ಕಟ್ಟಿದರೂ ಪೋಸ್ಟ್‌ಮ್ಯಾನ್ ಹೋಗಲ್ಲ. ಇರೋ ನಂಬರುಗಳಲ್ಲೂ ಒಂದಿಷ್ಟನ್ನು ಡಿಸ್‌ಪ್ಲೇ, ಬೇರೆ ಬೇರೆ ಸಾಧನಗಳು ಮೊದಲೇ ಹಿಡಿದುಕೊಂಡಿರುತ್ತವೆ. ಹಾಗಾಗಿ ಮೂರು ಚಿಲ್ಲರೆ. ಅವಳು ದುಡ್ಡು ಕೊಟ್ಟ ಆ ಇನ್ನೊಂದು ಸ್ಟಿಕ್ಕು ಕ್ಯಾಬಿನೆಟ್ಟಿನೊಳಗೆ ಕೂತು ಬಿಸಿಯಾಗ್ತಿತ್ತು, ಅಷ್ಟೆ. 64 ಬಿಟ್ ವಿಂಡೋಸ್ ಹಾಕಿದ್ರೆ ಪೇಜ್‌ಮೇಕರ್ ಓಡಲ್ಲ ಅಂತ ಅವಳಿಗೆ ಹೆದರಿಸಿದ್ದರಂತೆ. ಹಾಕಿದೆವು. ಓಡಿತು.

ಹಾಗಂತ ಆಮೇಲೂ ಪೇಜ್‌ಮೇಕರ್ ಏನೂ ಹಾರಾಡಲಿಲ್ಲ. ಯಾಕೆ ಹಾರಾಡುತ್ತೆ? ಪೇಜ್‌ಮೇಕರ್ 7 ಬಂದದ್ದು 2001ರಲ್ಲಿ, ರ‍್ಯಾಮನ್ನು ಎಂಬಿಯಲ್ಲಿ ಎಣಿಸುತ್ತಿದ್ದ ಕಾಲದಲ್ಲಿ. 32 ಬಿಟ್ ಪ್ರೋಗ್ರಾಮ್ ಅದು, ಮಾಮೂಲಿ ಲೆಕ್ಕದಲ್ಲಿ 2 ಜಿಬಿಗಿಂತ ಹೆಚ್ಚು ಮುಟ್ಟೋಕೇ ಬರಲ್ಲ. ನೀವು 16 ಹಾಕಿ, 32 ಹಾಕಿ, ಲಗ್ನಪತ್ರಿಕೆ ಅಷ್ಟೇ ಹೊತ್ತಿಗೆ ಆಗೋದು. ಅವಳಿಗೆ ನಿಜಕ್ಕೂ ಉಪಯೋಗ ಆದದ್ದು ಬ್ರೌಸರ್‌ನಲ್ಲಿ. ಅರ್ಜಿಗಳಿಗೆ ಏಳೆಂಟು ಟ್ಯಾಬ್ ತೆರೆದಿಟ್ಟುಕೊಂಡು, ಪಕ್ಕದಲ್ಲಿ ಫೋಟೋಶಾಪ್ ಇಟ್ಟುಕೊಂಡು ಕೆಲಸ ಮಾಡುವಾಗ 4 ಮತ್ತು 8ರ ನಡುವೆ ಆಕಾಶ ಭೂಮಿ ವ್ಯತ್ಯಾಸ.

ಈಗ ನಮ್ಮ ಬಳಗದ ಇನ್ನೊಂದು ಜಾತಿಗೆ ಬರ್ತೀನಿ. ಬೆಂಗಳೂರಲ್ಲಿ ಕೂತು "16 ಜಿಬಿ ಇಲ್ದೆ ಇವತ್ತು ಏನೂ ಆಗಲ್ಲ, ಹಳೇದು ಬಿಸಾಕಿ ಹೊಸದು ತಗೊಳ್ಳಿ" ಅನ್ನೋರು. ನಿಮ್ಮ ವೀಡಿಯೋ ಎಡಿಟಿಂಗಿಗೆ ಆಗಲ್ಲ, ಒಪ್ಪಿದೆ. ಟ್ಯಾಲಿಗೆ ಆಗುತ್ತೆ ಸ್ವಾಮಿ. ಯಂತ್ರಕ್ಕೆ ಏನು ಕಮ್ಮಿ ಆಗಿದೆ ಅಂತ ಅದೇ ಹೇಳುತ್ತೆ, ಕೇಳಬೇಕಷ್ಟೆ. ಕೆಲಸದ ಮಧ್ಯೆ, ಎಲ್ಲಾ ತೆರೆದಿದ್ದಾಗ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್ ಬರುತ್ತೆ. ಮೆಮೊರಿ ನೂರಕ್ಕೆ 90 ದಾಟಿ ನಿಂತಿದ್ದರೆ ರ‍್ಯಾಮ್ ಬೇಕು. ಮೆಮೊರಿ 50, 60ರಲ್ಲಿ ಆರಾಮಾಗಿದ್ದು ಡಿಸ್ಕ್ ನೂರಕ್ಕೆ ನೂರು ಅಂತಿದ್ದರೆ ರ‍್ಯಾಮಿನ ದುಡ್ಡು ದಂಡ, ಹಳೇ ಹಾರ್ಡ್‌ಡಿಸ್ಕ್ ತೆಗೆದು ಒಂದು ಸಣ್ಣ ಎಸ್‌ಎಸ್‌ಡಿ ಹಾಕಿಸಿ. ಎರಡೂ ನೂರರ ಹತ್ತಿರ ಇದ್ದರೆ ಮೊದಲು ರ‍್ಯಾಮ್ ನೋಡಿ. ಜಾಗ ಸಾಲದೆ ಡಿಸ್ಕಿಗೆ ಹೊತ್ತು ಹಾಕ್ತಿರುತ್ತೆ, ಅದಕ್ಕೇ ಡಿಸ್ಕೂ ಒದ್ದಾಡ್ತಿರುತ್ತೆ. ಅದೇ ಪುಟದಲ್ಲಿ ಎಷ್ಟು ಸ್ಲಾಟ್ ಇದೆ, ಎಷ್ಟು ತುಂಬಿದೆ, ಸ್ಪೀಡ್ ಎಷ್ಟು ಅಂತಲೂ ಇರುತ್ತೆ. ಇನ್ನೂ ವಿವರ ಬೇಕಾದರೆ ಸಿಪಿಯು-ಝಡ್ ಅಂತ ಪುಕ್ಕಟೆ ಸಾಫ್ಟ್‌ವೇರ್ ಇದೆ, ಯಾವ ಡಿಡಿಆರ್ ಅನ್ನೋದನ್ನೂ ಹೇಳುತ್ತೆ.

ಡಿಡಿಆರ್ ಅಂದ್ರೆ ತಲೆಮಾರು ಅಂತ ಇಟ್ಟುಕೊಳ್ಳಿ. ಡಿಡಿಆರ್ 2 ಓಡೋದು 1.8 ವೋಲ್ಟಿನಲ್ಲಿ, ಡಿಡಿಆರ್ 3 1.5ರಲ್ಲಿ, ಡಿಡಿಆರ್ 4 1.2ರಲ್ಲಿ, ಡಿಡಿಆರ್ 5 1.1ರಲ್ಲಿ. ಒಂದರ ಜಾಗದಲ್ಲಿ ಇನ್ನೊಂದು ಕೂರಲ್ಲ, ಕೆಳಗಿನ ಕಚ್ಚು ಬೇರೆ ಬೇರೆ ಕಡೆ ಇರುತ್ತೆ. ಬಲವಂತವಾಗಿ ಒತ್ತಿದರೆ ಸ್ಲಾಟೇ ಹೋಯ್ತು. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, ಕಚ್ಚು ಸರಿಯಾಗಿ ಕೂತರೂ ಮೋಸ ಹೋಗಬಹುದು ಅನ್ನೋದು.

ಡ್ರಾಯರ್‌ನಿಂದ ಬರೋ ಅಗ್ಗದ ಡಿಡಿಆರ್ 3 ಸ್ಟಿಕ್ಕುಗಳಲ್ಲಿ ಎಎಮ್‌ಡಿ ಬೋರ್ಡಿಗೆ ಮಾತ್ರ ನಡೆಯೋ ಒಂದು ಜಾತಿ ಇದೆ. ನೋಡೋಕೆ ಅದೇ ತರ, ಕೂರೋದೂ ಅದೇ ತರ. ಇಂಟೆಲ್ ಬೋರ್ಡಿಗೆ ಹಾಕಿದರೆ ಬರೀ ಬೀಪ್ ಬೀಪ್. ಇನ್ನೊಂದು, ಕೋರ್ 2 ಡ್ಯುಯೋ ಕಾಲದ ಜಿ41 ಬೋರ್ಡುಗಳು. ಇವಕ್ಕೆ 4 ಜಿಬಿ ಸ್ಟಿಕ್ ಹಾಕುವುದಾದರೆ ಸಾಮಾನ್ಯವಾಗಿ ಎರಡೂ ಬದಿ ಸೇರಿ 16 ಚಿಪ್ಪು ಇರೋದೇ ಬೇಕು, 8 ಚಿಪ್ಪಿನ ಹೊಸದನ್ನು ಹಾಕಿದರೆ ಪೂರ್ತಿ ಗುರುತಿಸಲ್ಲ. ಆಮೇಲೆ ನಮ್ಮೂರಲ್ಲಿ ರಾಶಿ ರಾಶಿ ಇರೋ ಎಚ್61 ಬೋರ್ಡು. ಎರಡೇ ಸ್ಲಾಟು, ಒಂದೊಂದಕ್ಕೆ 8ರಂತೆ ಒಟ್ಟು 16 ಜಿಬಿ ಅದರ ಗರಿಷ್ಠ ಮಿತಿ. ಎರಡನೇ ತಲೆಮಾರಿನ ಐ3 ಇದ್ದರೆ 1333ಕ್ಕಿಂತ ಜೋರು ಓಡಲ್ಲ, ಆದ್ದರಿಂದ 1866 ಸ್ಪೀಡಿನದು ಅಂತ ಹೆಚ್ಚು ದುಡ್ಡು ಕೇಳಿದರೆ ಕೊಡಬೇಡಿ. ಎರಡು ಬೇರೆ ಸ್ಪೀಡಿನ ಸ್ಟಿಕ್ ಸೇರಿಸಿದರೆ ಎರಡೂ ನಿಧಾನದ್ದರ ಸ್ಪೀಡಿಗೇ ಇಳಿಯುತ್ತವೆ. ಒಂದೇ 8ರ ಬದಲು 4 ಮತ್ತು 4 ಹಾಕಿದರೆ ಎರಡು ದಾರಿಯಲ್ಲಿ ಒಟ್ಟಿಗೆ ಓದುತ್ತೆ, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದ ಯಂತ್ರಕ್ಕೆ ಇದರಿಂದ ಲಾಭ ಇದೆ.

ಇದೆಲ್ಲಾ ಅಂಗಡಿಯವರಿಗೆ ಗೊತ್ತಿಲ್ಲವಾ? ಕೆಲವರಿಗೆ ಚೆನ್ನಾಗಿ ಗೊತ್ತು. ಗೊತ್ತಿರೋರೂ ಹೇಳಲ್ಲ, ಯಾಕಂದ್ರೆ ಗಿರಾಕಿ ಕೇಳಲ್ಲ. ಅವರ ಕಷ್ಟವೂ ಇದೆ ಅನ್ನಿ. ಎಸ್.ಪಿ. ರೋಡಿನಿಂದ ಬಂದದ್ದನ್ನು ಇಟ್ಟುಕೊಳ್ಳಬೇಕು, ನೂರು ರೂಪಾಯಿಗೂ ಚೌಕಾಸಿ ಮಾಡೋ ನಮ್ಮಂಥವರಿಗೆ ಮಾರಬೇಕು. ಆದರೆ ರಬ್ಬರ್‌ನಿಂದ ಉಜ್ಜಿದರೆ ಸರಿಹೋಗೋ ಸ್ಟಿಕ್ಕನ್ನು "ಹೋಗಿದೆ" ಅಂತ ತೆಗೆದಿಟ್ಟುಕೊಂಡು ಹೊಸದು ಹಾಕೋದಿದೆಯಲ್ಲ, ಅದಕ್ಕೆ ಯಾವ ಕಷ್ಟದ ನೆಪವೂ ಬೇಡ. ನಮ್ಮ ಬಯಲುಸೀಮೆ ಧೂಳಿಗೆ ಚಿನ್ನದ ಬಣ್ಣದ ಆ ಕಾಲುಗಳು ಮಸುಕಾಗೋದು ಮಾಮೂಲಿ. ಪವರ್ ವೈರ್ ಕಿತ್ತು, ಸ್ಟಿಕ್ ತೆಗೆದು, ಸ್ಕೂಲು ಮಕ್ಕಳ ರಬ್ಬರಿನಿಂದ ಮೆತ್ತಗೆ ಉಜ್ಜಿ, ಪುಡಿ ಊದಿ, ಮತ್ತೆ ಹಾಕಿ ನೋಡದೆ ಯಾರಿಗೂ ಹಳೇ ರ‍್ಯಾಮ್ ಬಿಟ್ಟುಕೊಡಬೇಡಿ. ಆಮೇಲೂ ಅನುಮಾನ ಇದ್ದರೆ ವಿಂಡೋಸ್‌ನಲ್ಲೇ ಮೆಮೊರಿ ಡಯಾಗ್ನೋಸ್ಟಿಕ್ ಇದೆ, ಒಂದು ರಾತ್ರಿ ಓಡೋಕೆ ಬಿಡಿ.

ರಾತ್ರಿಯೆಲ್ಲಾ ಕರೆಂಟ್ ಇದ್ದರೆ ಅನ್ನಿ :-) ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರದಲ್ಲಿ ಅಶೋಕ ಬಂಡೆ ಮೇಲೆ ಬರೆಸಿದ್ದು 2,200 ವರ್ಷದ ಮೇಲಾದರೂ ಅಳಿಸಿಲ್ಲ. ರ‍್ಯಾಮಿಗೆ ಬರೆದದ್ದು ಲೈನ್‌ಮ್ಯಾನ್ ಫ್ಯೂಸ್ ತೆಗೆದ ಕ್ಷಣ ಹೋಯ್ತು. ಯುಪಿಎಸ್ ಬ್ಯಾಟರಿ ಸತ್ತಿದ್ದರೆ ಮೊದಲ ದುಡ್ಡು ಅದಕ್ಕೆ. ಇದನ್ನು ಯಾವ ರ‍್ಯಾಮ್ ಮಾರೋರೂ ಹೇಳಲ್ಲ.

ಇಷ್ಟೆಲ್ಲಾ ಈಗ ಯಾಕೆ ಅಂದ್ರೆ ಎರಡು ಕಾರಣ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಮಾಮೂಲಿ ಬೆಂಬಲ ಮುಗಿಯಿತು. ಎರಡು, ಮೂರನೇ ತಲೆಮಾರಿನ ಐ3 ಇರೋ ಯಂತ್ರಗಳು ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲೇ ಇಲ್ಲ. "ಎಂಟು ಜಿಬಿ ಮಾಡಿಸಿ, 11 ಹಾಕಿಕೊಡ್ತೀವಿ" ಅನ್ನೋ ಮಾತು ಕೇಳಿಬರ್ತಿದೆ. ಅಡ್ಡಿ ಇರೋದು ಪ್ರೊಸೆಸರ್ ಮತ್ತು ಟಿಪಿಎಮ್ ಚಿಪ್ಪಿನದು. ಅದಕ್ಕೂ ರ‍್ಯಾಮಿಗೂ ಸಂಬಂಧ ಇಲ್ಲ. ನೆಟ್ ಕೆಲಸಕ್ಕೆ ಲಿನಕ್ಸ್ ಹಾಕಿಕೊಳ್ಳಿ, ಪೇಜ್‌ಮೇಕರ್ ಯಂತ್ರವನ್ನು ನೆಟ್‌ನಿಂದ ದೂರ ಇಡಿ. ಎರಡನೇ ಕಾರಣ, ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್ಪುಗಳನ್ನು ಬಾಚಿಕೊಂಡು 2025ರ ಕೊನೆಗೆ ಜಗತ್ತಿನ ತುಂಬಾ ರ‍್ಯಾಮ್ ಬೆಲೆ ಏರಿದ್ದು. ಆ ಡಿಸೆಂಬರಿನಲ್ಲಿ ಮೈಕ್ರಾನ್ ಕಂಪೆನಿ ನಮ್ಮಂಥವರಿಗೆ ಮಾರುತ್ತಿದ್ದ ಕ್ರೂಶಿಯಲ್ ವ್ಯಾಪಾರವನ್ನೇ ನಿಲ್ಲಿಸುತ್ತೇವೆ ಅಂತ ಹೇಳಿತು. ಹೊಸದರ ಬೆಲೆ ಏರಿದಾಗ ಡ್ರಾಯರ್‌ನ ಹಳೇ ಸ್ಟಿಕ್ಕಿಗೂ ಬೆಲೆ ಬರುತ್ತೆ. ಇಂಥ ಹೊತ್ತಲ್ಲಿ ಬಿಲ್ ಇಲ್ಲದೆ ತಗೊಂಡರೆ ವಾರಂಟಿಯ ಮಾತೇ ಇಲ್ಲ. ಬಿಲ್ಲಿನಲ್ಲಿ "ರ‍್ಯಾಮ್ 4 ಜಿಬಿ" ಅಂತ ಬರೆದರೆ ಸಾಲದು. ಕಂಪೆನಿ, ಡಿಡಿಆರ್ ಎಷ್ಟು, ಸ್ಪೀಡ್ ಎಷ್ಟು, ಸೀರಿಯಲ್ ನಂಬರ್, ಹೊಸದೋ ಬಳಸಿದ್ದೋ, ಇಷ್ಟೂ ಬರೆಸಿ. ಕನ್ನಡದಲ್ಲೇ ಬರೆಸಿ.

ಚಳ್ಳಕೆರೆಗೆ ವಿಜ್ಞಾನ ನಗರಿ ಅಂತ ಹೆಸರು ಬಂದಿದೆ. ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್, ಅತ್ತ ಡಿಆರ್‌ಡಿಒ ವಿಮಾನ ಪರೀಕ್ಷಾ ಕೇಂದ್ರ. ಸಂತೋಷ. ಅಲ್ಲಿನ ಬೇಲಿಯಾಚೆ ಏನು ಹಾರುತ್ತೋ ಗೊತ್ತಿಲ್ಲ, ಬೇಲಿಯೀಚೆ ಪೇಟೆಯಲ್ಲಿ ಇವತ್ತಿಗೂ "ಎಷ್ಟು ಜಿಬಿ?" ಒಂದೇ ಪ್ರಶ್ನೆ.

ಬಳಗದವರಲ್ಲಿ ಒಂದು ಮಾತು. ನಿಮ್ಮೂರಿನ ಅಂಗಡಿಗಳಲ್ಲಿ ಯಾವ ಹಳೇ ಬೋರ್ಡು ಹೆಚ್ಚಿಗೆ ಓಡ್ತಿದೆ, ಅದಕ್ಕೆ ಯಾವ ರ‍್ಯಾಮ್ ಕೂತಿತು, ಯಾವುದು ಕೂರಲಿಲ್ಲ, ಬರೆದು ಹಾಕಿ. ಪದ ಯಾವುದಾದರೂ ಬಳಸಿ, ಜಗಳ ಮಾಡಲ್ಲ. ನಾನು ಎಚ್61 ಮತ್ತು ಜಿ41ರದ್ದು ಮೇಲೆ ಬರೆದಿದ್ದೀನಿ, ಎಎಮ್‌ಡಿ ಬೋರ್ಡುಗಳದ್ದು ಯಾರಾದರೂ ಬರೀತೀರಾ? ಮೊಳಕಾಲ್ಮೂರಿನಲ್ಲಿ ಮೂರು ಅಂಗಡಿಯವರು ಆಗಲೇ ಕೇಳಿದ್ದಾರೆ.