ಪೂರಕ ಅಂದಾಜು ಇರಲಿ, ಪ್ರೂಫ್ ನೋಡಿದವರು ಯಾರು?

ಕೆಲವು ವರ್ಷಗಳ ಹಿಂದಿನ ಮಾತು. ನಮ್ಮ ಸಂಘದ ವಾರ್ಷಿಕೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ಮುಖ್ಯ ಅತಿಥಿಗಳ ಹೆಸರೇ ತಪ್ಪಾಗಿ ಅಚ್ಚಾಗಿ, ಅಷ್ಟನ್ನೂ ಮತ್ತೊಮ್ಮೆ ಮುದ್ರಿಸಬೇಕಾಯಿತು. ಕಾರ್ಯಕಾರಿ ಸಮಿತಿಯ ಸಭೆಯಲ್ಲಿ ಗೌರವ ಕೋಶಾಧಿಕಾರಿಗಳು ಸಂಕೋಚದಿಂದಲೇ ಹೆಚ್ಚುವರಿ 1,800 ರೂ.ಗೆ ಮಂಜೂರಾತಿ ಕೇಳಿದರು. ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ದುಡ್ಡು ಕೊಡುವ, ಅದಕ್ಕೇನು. ಆದರೆ ಪ್ರೂಫ್ ನೋಡಿದ್ದು ಯಾರು ಮಾರಾಯ್ರೆ?" ಎಂದರು. ಸಭೆಯಲ್ಲಿ ನಗು. ಮಂಜೂರಾತಿಯೂ ಸಿಕ್ಕಿತು. ಆದರೆ ಮರುವರ್ಷದಿಂದ ಇಬ್ಬರು ಪ್ರೂಫ್ ನೋಡುವ ಪದ್ಧತಿ ಬಂತು, ಇಂದಿಗೂ ಇದೆ.

ರಾಜ್ಯ ಸರಕಾರಗಳು ವರ್ಷದ ನಡುವೆ ವಿಧಾನಮಂಡಲದ ಮುಂದಿಡುವ ಪೂರಕ ಅಂದಾಜುಗಳ ಸುದ್ದಿ ಓದಿದಾಗಲೆಲ್ಲ ನನಗೆ ಈ ಪ್ರಸಂಗ ನೆನಪಾಗುತ್ತದೆ. ಬಜೆಟಿನಲ್ಲಿ ಇಟ್ಟ ಹಣ ಸಾಲದೆ ಹೋದರೆ ಅಥವಾ ಹೊಸ ಖರ್ಚು ಎದುರಾದರೆ, ಸಂವಿಧಾನದ 205ನೇ ವಿಧಿಯಂತೆ ಸರಕಾರ ಮತ್ತೆ ಸದನದ ಮುಂದೆ ಬರಬೇಕು. ನಾವು ವಾಸಿಸುವ ಮಹಾರಾಷ್ಟ್ರದಲ್ಲಿ ಇದಕ್ಕೆ 'ಪುರವಣಿ ಮಾಗಣ್ಯಾ' ಎನ್ನುತ್ತಾರೆ. 2024ರ ಮಳೆಗಾಲದ ಅಧಿವೇಶನದಲ್ಲಿ ಇಲ್ಲಿ ಮಂಡನೆಯಾದದ್ದು 94 ಸಾವಿರ ಕೋಟಿ ರೂ.ಗೂ ಮಿಕ್ಕಿದ ಬೇಡಿಕೆ! ನಮ್ಮ 1,800 ರೂ.ಗೆ ಎದ್ದ ಪ್ರಶ್ನೆ ಅಲ್ಲಿ ಎಷ್ಟು ಮಂದಿಯ ಬಾಯಿಂದ ಬರುತ್ತದೋ.

ಪೂರಕ ಅಂದಾಜೇ ತಪ್ಪು ಎಂದು ನಾನು ಹೇಳಲಾರೆ. ಕರ್ನಾಟಕದ ಸಿಬ್ಬಂದಿ ಮತ್ತು ಆಡಳಿತ ಸುಧಾರಣಾ ಇಲಾಖೆಯನ್ನೇ ನೋಡಿ. ಚುನಾವಣೆ ನಡೆಸುವ ಆಡಳಿತವೂ ಈ ಇಲಾಖೆಯಡಿ ಬರುತ್ತದೆ. 2024ರ ಫೆಬ್ರವರಿ 16ರಂದು ರಾಜ್ಯದ ಬಜೆಟ್ ಮಂಡನೆಯಾದಾಗ ಚನ್ನಪಟ್ಟಣ, ಶಿಗ್ಗಾವಿ, ಸಂಡೂರುಗಳಲ್ಲಿ ಅದೇ ನವೆಂಬರಿನಲ್ಲಿ ಉಪಚುನಾವಣೆ ಬರುತ್ತದೆಂದು ಯಾರಿಗೂ ಗೊತ್ತಿರಲಿಲ್ಲ. ಶಾಸಕರು ಲೋಕಸಭೆಗೆ ಆಯ್ಕೆಯಾದರು, ಸ್ಥಾನ ತೆರವಾಯಿತು. ಇಂಥ ಖರ್ಚಿಗೆ ವರ್ಷದ ನಡುವೆ ಹಣ ಕೇಳಿದರೆ ಯಾರೂ ಆಕ್ಷೇಪಿಸಲಾರರು.

ಆದರೆ ಅದೇ ವರ್ಷ ಅದೇ ಇಲಾಖೆಯ ಆಡಳಿತ ವ್ಯಾಪ್ತಿಯಲ್ಲಿ ಇನ್ನೊಂದು ಅನಿರೀಕ್ಷಿತ ಖರ್ಚು ಹುಟ್ಟಿತು. ಕರ್ನಾಟಕ ಲೋಕಸೇವಾ ಆಯೋಗವು 384 ಗೆಜೆಟೆಡ್ ಪ್ರೊಬೇಷನರಿ ಹುದ್ದೆಗಳಿಗಾಗಿ 2024ರ ಆಗಸ್ಟ್ 27ರಂದು ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಅರ್ಥವೇ ಆಗದಷ್ಟು ಕೆಟ್ಟ ಅನುವಾದವಾಗಿದ್ದವು. ಮುಖ್ಯಮಂತ್ರಿ ಸಿದ್ದರಾಮಯ್ಯನವರೇ ಮರುಪರೀಕ್ಷೆಗೆ ಸೂಚಿಸಬೇಕಾಯಿತು. ಡಿಸೆಂಬರ್ 29ರಂದು ಮರುಪರೀಕ್ಷೆ ನಡೆಯಿತು. ಅದರಲ್ಲಿಯೂ ಅನುವಾದದ ತಪ್ಪುಗಳು! ಅಭ್ಯರ್ಥಿಗಳು ಬೀದಿಗಿಳಿದರು, ವಿವಾದ ನ್ಯಾಯಮಂಡಳಿ, ಹೈಕೋರ್ಟುಗಳ ಮೆಟ್ಟಿಲೇರಿತು.

ಒಂದು ಪರೀಕ್ಷೆಯನ್ನು ಎರಡು ಸಲ ನಡೆಸಿದರೆ ಪ್ರಶ್ನೆಪತ್ರಿಕೆ, ಕೇಂದ್ರ, ಮೇಲ್ವಿಚಾರಕರು, ಪೊಲೀಸ್ ಬಂದೋಬಸ್ತು ಎಲ್ಲವೂ ಎರಡು ಸಲ. ಸರಕಾರದ ಈ ಖರ್ಚನ್ನು ಒಂದಲ್ಲ ಒಂದು ಲೆಕ್ಕಶೀರ್ಷಿಕೆಯಲ್ಲಿ ತುಂಬಿಸಬಹುದು. ಬಳ್ಳಾರಿಯಿಂದಲೋ ಬೀದರಿನಿಂದಲೋ ಬಂದು ಬೆಂಗಳೂರಿನಲ್ಲಿ ಕೋಣೆ ಹಿಡಿದು ಓದುವ ಹುಡುಗ ಇನ್ನೂ ನಾಲ್ಕು ತಿಂಗಳು ಕಟ್ಟಿದ ಬಾಡಿಗೆಗೆ ಮಾತ್ರ ಯಾವ ಪೂರಕ ಅಂದಾಜೂ ಇಲ್ಲ.

ಇಲ್ಲಿ ಹೆಚ್ಚಿನವರ ಗಮನಕ್ಕೆ ಬಾರದ ಒಂದು ಸಂಗತಿಯನ್ನು ಹೇಳಬೇಕು. ಸಂವಿಧಾನದ 322ನೇ ವಿಧಿಯಂತೆ ಲೋಕಸೇವಾ ಆಯೋಗದ ವೆಚ್ಚ ನೇರವಾಗಿ ರಾಜ್ಯದ ಸಂಚಿತ ನಿಧಿಯ ಮೇಲೆ ಬೀಳುತ್ತದೆ. ಬಜೆಟ್ ಪುಸ್ತಕಗಳಲ್ಲಿ ಇದಕ್ಕೆ 'ಪ್ರಭೃತ' ವೆಚ್ಚ ಎನ್ನುತ್ತಾರೆ. ಆಯೋಗವು ಸರಕಾರದ ಹಂಗಿಲ್ಲದೆ ಕೆಲಸ ಮಾಡಲಿ ಎಂಬ ಒಳ್ಳೆಯ ಉದ್ದೇಶದಿಂದಲೇ ಈ ಏರ್ಪಾಡು. ಪರಿಣಾಮವಾಗಿ ಶಾಸಕರು ಈ ಹಣದ ಮೇಲೆ ಮತ ಹಾಕುವಂತಿಲ್ಲ, ಒಂದು ರೂಪಾಯಿ ಕಡಿತ ಮಾಡುವಂತಿಲ್ಲ. ಚರ್ಚಿಸಬಹುದು, ಅಷ್ಟೆ. ತಡೆಯುವ ಅಧಿಕಾರವಿಲ್ಲದ ಕಡೆ ಕೇಳುವ ಹೊಣೆ ಹೆಚ್ಚುತ್ತದೆ ಎಂದು ನನ್ನ ಅಭಿಪ್ರಾಯ. ಹೆಚ್ಚುವರಿ ಹಣ ಕೇಳುವ ಪುಸ್ತಕದಲ್ಲಿ 'ಪರೀಕ್ಷಾ ವೆಚ್ಚ' ಎಂಬ ಎರಡು ಪದ ಸಾಲದು. ಅನುವಾದದ ತಪ್ಪಿನಿಂದ ಮರುಪರೀಕ್ಷೆ ನಡೆಸಬೇಕಾಗಿ ಬಂದರೆ ಅದನ್ನು ಹಾಗೆಯೇ ಬರೆಯಲಿ. ಅನುವಾದಕರಿಗೆ ಕೊಟ್ಟ ಸಂಭಾವನೆ ಎಷ್ಟು, ಮರುಪರೀಕ್ಷೆಗೆ ತಗಲಿದ್ದು ಎಷ್ಟು ಎಂಬ ಎರಡು ಅಂಕೆಗಳನ್ನು ಒಂದೇ ಪುಟದಲ್ಲಿ ಇಡಲಿ.

ಮುಂಬಯಿಯಲ್ಲಿ ಕುಳಿತ ನಮಗೆ ಇದರ ಉಸಾಬರಿ ಏಕೆ ಎಂದು ಯಾರಾದರೂ ಕೇಳಬಹುದು. ಹಗಲು ಹೋಟೇಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಕನ್ನಡ ಕಲಿತವರ ಊರು ಇದು. ಕನ್ನಡದಲ್ಲಿ ಓದಿದವನಿಗೆ ಅದರಿಂದ ನಷ್ಟವಾಗಬಾರದೆಂದು ನಾವು ಇಲ್ಲಿ ವೇದಿಕೆಗಳಲ್ಲಿ ಹೇಳುತ್ತಲೇ ಬಂದಿದ್ದೇವೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸರಕಾರಿ ನೇಮಕಾತಿಯಲ್ಲಿ ಶೇ. 5 ಮೀಸಲಾತಿ ಕೊಟ್ಟದ್ದೂ ಕರ್ನಾಟಕ ಸರಕಾರವೇ. ಹೀಗಿರುವಾಗ ಕನ್ನಡದ ಪ್ರಶ್ನೆ ತಿಳಿಯಲು ಪಕ್ಕದ ಇಂಗ್ಲಿಷನ್ನು ನೋಡಬೇಕಾಗಿ ಬಂದರೆ ಪೆಟ್ಟು ಬೀಳುವುದು ಆ ಮಕ್ಕಳಿಗೇ. ಊರಿನಲ್ಲಿ ಓದುತ್ತಿರುವ ನಮ್ಮ ಅಣ್ಣತಮ್ಮಂದಿರ ಮಕ್ಕಳೂ ಅವರಲ್ಲಿದ್ದಾರೆ. ಇನ್ನು ಅನುವಾದ ಎಂದರೆ ಈ ನಗರದ ಕನ್ನಡಿಗರಿಗೆ ಹೊಸತಲ್ಲ. ಮರಾಠಿ, ಇಂಗ್ಲಿಷ್, ಹಿಂದಿಗಳಿಂದ ಕನ್ನಡಕ್ಕೆ ತರುವ ಎಷ್ಟೋ ಮಂದಿ ನಮ್ಮ ಸಂಘಗಳ ಸದಸ್ಯರಾಗಿದ್ದಾರೆ. ಒಳ್ಳೆಯ ಅನುವಾದಕ್ಕೆ ಎಷ್ಟು ಸಮಯ, ಎಷ್ಟು ಸಲ ತಿದ್ದುವಿಕೆ ಬೇಕೆಂದು ಅವರನ್ನು ಕೇಳಿದರೆ ಹೇಳುತ್ತಾರೆ.

ಊರಿನಿಂದ ಸಚಿವರು, ಶಾಸಕರು ಇಲ್ಲಿಗೆ ಬಂದಾಗ ಶಾಲು ಹೊದಿಸಿ, ಪೇಟ ತೊಡಿಸಿ, ಫಲಪುಷ್ಪ ನೀಡಿ ಗೌರವಿಸುತ್ತೇವೆ. ಕೊನೆಗೊಂದು ಮನವಿ ಪತ್ರ ಕೊಡುವುದೂ ರೂಢಿ, ಅದರಲ್ಲಿ ಹೆಚ್ಚಾಗಿ ಭವನಕ್ಕೆ ಅನುದಾನದ ಬೇಡಿಕೆ. ಅದು ಬೇಡವೆನ್ನುವುದಿಲ್ಲ. ಆದರೆ ಈ ಸಲ ಅದರ ಕೆಳಗೆ ಇನ್ನೊಂದು ಸಾಲು ಸೇರಿಸೋಣ: ಪರೀಕ್ಷೆಯ ಪ್ರಶ್ನೆಗಳನ್ನು ಕನ್ನಡಕ್ಕೆ ತರುವ ಮತ್ತು ಇನ್ನೊಬ್ಬರಿಂದ ಓದಿಸಿ ನೋಡುವ ಖರ್ಚನ್ನು ಪೂರಕ ಅಂದಾಜಿಗೆ ಬಿಡದೆ ಮೂಲ ಬಜೆಟಿನಲ್ಲೇ ಇಡಿ. ಮತ್ತು ಬೆಳಗಾವಿಯ ಅಧಿವೇಶನಕ್ಕೆ ಹೊರಡುವ ನಮ್ಮ ಜಿಲ್ಲೆಗಳ ಶಾಸಕರಿಗೆ ಆ ಹಿರಿಯ ಸದಸ್ಯರ ಪ್ರಶ್ನೆಯನ್ನು ಬರೆದೇ ಕೊಡೋಣ.